ಅರಿಶಿನ ಹತ್ತಿದ ಚೆಕ್ಕು

ಪಾಂಡವಪುರದ ಬ್ಯಾಂಕಿನ ಮ್ಯಾನೇಜರ್ ಸಾಹೇಬರಿಗೆ,

ಕ್ಯಾತನಹಳ್ಳಿಯ ಜಯಲಕ್ಷ್ಮಮ್ಮ ಮಾಡುವ ನಮಸ್ಕಾರ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ತಪ್ಪಿದ್ದರೆ ಬಯ್ಯಬೇಡಿ.

ಗೌರಿಹಬ್ಬದ ಬಾಗಿನಕ್ಕೆ ಅಂತ ನನ್ನ ತಮ್ಮ ಶಶಿ ಒಂದು ಚೆಕ್ಕು ಕೊಟ್ಟಿದ್ದ. ತವರಿನದಲ್ಲವೇ ಅಂತ ಅರಿಶಿನ ಕುಂಕುಮ ಹಚ್ಚಿ ಗೌರಮ್ಮನ ಮುಂದೆ ಇಟ್ಟಿದ್ದೆ. ಅವಧಿ ಮುಗಿಯುತ್ತದೆ ಅಂತ ಮನೆಯವರು ಅವಸರ ಮಾಡಿದ್ದಕ್ಕೆ ಸೋಮವಾರ ತಂದು ಕಟ್ಟಿದೆ. ಕೌಂಟರಿನವರು, "ಕೆಳಗಿನ ಅಂಕಿ ನೋಡವ್ವ, ಊರು, ಬ್ಯಾಂಕು, ಶಾಖೆ ಎಲ್ಲ ಇದ್ರಲ್ಲೇ ಅದೆ. ಮಿಷನ್ನು ಓದೋ ಜಾಗಕ್ಕೇ ಅರಿಶ್ಣ ಬಳ್ದ್‌ಬುಟ್ಟಿದ್ದೀಯಲ್ಲ! ತಮ್ಮನ ಕೈಲಿ ಇನ್ನೊಂದು ಬರೆಸ್ಕೊಂಡು ಬಾ, ಇದನ್ನ ಕ್ಯಾನ್ಸಲ್ ಮಾಡ್ತೀವಿ" ಅಂದರು. ಹಿಂದಿದ್ದವರು ನಕ್ಕರು. ನಾನೂ ನಕ್ಕು, ಚೆಕ್ಕು ಅಲ್ಲೇ ಬಿಟ್ಟು ಬಂದೆ.

ಶಶಿ ಹಬ್ಬದ ಮಾರನೇ ವಾರವೇ ಎದೆನೋವಿನಿಂದ ತೀರಿಕೊಂಡ ಸಾರ್. ಅಷ್ಟು ಜನರ ಮುಂದೆ ಹೇಳಲು ಬಾಯಿ ಬರಲಿಲ್ಲ. ಕೌಂಟರಿನವರಿಗೆ ಏನೂ ಅನ್ನಬೇಡಿ.

ದುಡ್ಡು ಬೇಡ, ಚೆಕ್ಕು ಕೊಡಿಸಿ. ಹರಿದುಬಿಟ್ಟಿದ್ದಾರೋ ಏನೋ ಅಂತ ನಿದ್ದೆಯಿಲ್ಲ. ನನ್ನ ಹೆಸರನ್ನು ಅವನು ಪೂರ್ತಿ ಬರೆದಿರುವುದು ಅದೊಂದರಲ್ಲೇ. ಮಿಕ್ಕಂತೆ ಬರೀ ಅಕ್ಕ ಅಂತಿದ್ದ. ಗುರುವಾರ ಬರುತ್ತೇನೆ. ಗೀಟು ಎಳೆಯಲೇಬೇಕು ಅಂದರೆ ಆ ಅಂಕಿಗಳ ಮೇಲೆ ಎಳೆಯಿರಿ. ಅವನ ಅಕ್ಷರದ ಮೇಲೆ ಬೇಡ.

ಇಂತಿ,
ಶಶಿಯ ಅಕ್ಕ ಜಯಲಕ್ಷ್ಮಮ್ಮ