ತಂತಿಯೋ ತಗಡೋ

ಸಾಗರ
೮ ಜುಲೈ ೨೦೨೫, ಮಂಗಳವಾರ

ತೃಪ್ತಿ,

ಅಕ್ಷರ ನೆಟ್ಟಗಿರುವುದನ್ನು ನೋಡಿ ಏನೂ ಆಗಿಲ್ಲ ಅಂದುಕೊಳ್ಳಬೇಡ. ಮುರಿದದ್ದು ಎಡಗೈ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾನು ಪ್ರಾಸ ಹಾಕುತ್ತೇನೆ, ನೀನು ಫೋನ್ ಇಡುತ್ತೀ. ಅದಕ್ಕೇ ಕಾಗದ ಬರೆದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಹೊಸನಗರದಲ್ಲಿ ನಿನ್ನ ಟೈಲರಿಂಗ್ ಅಂಗಡಿ ಅವನಿಗೆ ಗೊತ್ತಂತೆ. ಗಂಡನನ್ನು ಬಿಟ್ಟು ಹೋದವಳ ಅಂಗಡಿ ಊರಿಗೆಲ್ಲ ಬೇಗ ಗೊತ್ತಾಗುತ್ತದೆ.

ದೇವರ ಮಂಟಪಕ್ಕೆಂದು ತಂದಿದ್ದ ಶಿವನಿ ಮರದ ದಿಮ್ಮಿ ಮಗುಚಿ ಕೈಮೇಲೆ ಬಿತ್ತು. ಕಿರುಬೆರಳಿನ ಬುಡದಲ್ಲಿ, ಅಂಗೈಯೊಳಗಿನ ಎಲುಬು ಓರೆಯಾಗಿ ಸೀಳಿತ್ತು. ಅದು ಆಮೇಲೆ ಎಕ್ಸ್‌ರೇ ಹೇಳಿದ್ದು. ಅವತ್ತು ನಾನು ಮಾಡಿದ್ದು ಮರ ಕೆತ್ತುವ ನಮ್ಮ ಗುಡಿಗಾರರ ಅಪ್ಪಟ ಕೆಲಸ. ಬಿರುಕು ಬಿಟ್ಟ ಮರವನ್ನು ಎರಡು ಪಟ್ಟಿಗಳ ನಡುವೆ ಬಿಗಿದಿಡುತ್ತೇವಲ್ಲ, ಹಾಗೇ ಬೆರಳನ್ನು ಚಾಚಿ, ಮೇಲೊಂದು ಕೆಳಗೊಂದು ಪಟ್ಟಿ ಇಟ್ಟು, ಸೈಕಲ್ ಟ್ಯೂಬು ಸುತ್ತಿದೆ. ಅಂಟೊಂದು ಹಾಕಲಿಲ್ಲ, ಪುಣ್ಯ. ವಾರ ಬಿಟ್ಟು ಬಿಚ್ಚಿದರೆ ಬೆರಳು ಗೆರೆ ಎಳೆದ ಹಾಗೆ ನೇರ. ಹೆಮ್ಮೆಯಾಯಿತು. ಮುಷ್ಟಿ ಹಿಡಿದೆ. ಕಿರುಬೆರಳು ಹೋಗಿ ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತು. ಉಳಿ ಹಿಡಿಯಲು ಹೋದೆ. ಜಾರಿ ಕಾಲ ಬಳಿ ಬಿತ್ತು. ಆ ಸದ್ದು ಕೇಳಿದ ಮೇಲೆ ನನಗೆ ಊಟ ಸೇರುತ್ತಿಲ್ಲ.

ಡಾಕ್ಟರು ತೀರ್ಥಹಳ್ಳಿ ಕಡೆಯವರು. ಎಲುಬು ತಿರುಚಿಕೊಂಡು ಕೂಡುತ್ತಿದೆ, ಬಿಡಿಸಿ ಸರಿಯಾಗಿ ಕೂರಿಸಬೇಕು, ಶುಕ್ರವಾರ ಆಪರೇಷನ್ ಎಂದರು. ಕೂರಿಸಿದ್ದನ್ನು ಹಿಡಿದಿಡಲು ತಂತಿ ಹಾಕಬಹುದು, ಇಲ್ಲವೇ ಪ್ಲೇಟು. ಪ್ಲೇಟು ತಂತಿಗೆ ಪ್ರಾಸವಾಗುವುದಿಲ್ಲವೆಂದು ನಾನು ತಗಡು ಎಂದೆ. ಅವರು ನಗಲಿಲ್ಲ.

ನಿನ್ನ ಭಾಷೆಯಲ್ಲಿ ಹೇಳುವುದಾದರೆ, ತಂತಿ ಎಂದರೆ ಕಚ್ಚಾ ಹೊಲಿಗೆ. ಚರ್ಮದ ಮೇಲಿಂದಲೇ ಎಲುಬಿನೊಳಕ್ಕೆ ತೂರಿಸುತ್ತಾರೆ, ತುದಿ ಹೊರಗೇ ಉಳಿಯುತ್ತದೆ, ತಿಂಗಳಾದ ಮೇಲೆ ಎಳೆದು ತೆಗೆಯುತ್ತಾರೆ. ಕುಯ್ಯುವ ಕೆಲಸವಿಲ್ಲ. ಆದರೆ ಆ ತುದಿಯ ಬುಡದಲ್ಲಿ ಕೀವಾದರೆ ಫಜೀತಿ. ತಗಡು ಎಂದರೆ ಪಕ್ಕಾ ಹೊಲಿಗೆ. ಕೈ ಕುಯ್ದು, ಎಲುಬಿಗೆ ಸ್ಕ್ರೂ ಹಾಕಿ ಬಿಗಿದು, ಮುಚ್ಚುವುದು. ಬೆರಳನ್ನು ಬೇಗ ಆಡಿಸಬಹುದು. ಆದರೆ ಬೆರಳೆಳೆಯುವ ನರ ಅದಕ್ಕೆ ಅಂಟಿಕೊಂಡರೆ ಬೆರಳು ಮಡಚುವುದೇ ಇಲ್ಲ. ಸಾಮಿಲ್ಲಿನ ಕೆರಿಯಪ್ಪನಿಗೆ ಹಾಗೇ ಆಗಿದೆ. "ದಾರಿ ಕೇಳಿದ್ರೆ ಬಾಯಿ ಬಿಡೋದೇ ಬ್ಯಾಡ ಕಣಾ, ಬೆರಳು ತಾನೇ ತೋರಿಸ್ತೈತೆ" ಎಂದು ನಗಿಸಿದ. ನಕ್ಕು ಮನೆಗೆ ಬಂದೆ. ಚಿಲಕ ಹಾಕಿಕೊಂಡು ಉಳಿಗಳನ್ನೆಲ್ಲ ಒಂದೊಂದಾಗಿ ಹಿಡಿದು ನೋಡಿದೆ. ಮುರಿಯದ ಕೈಯಲ್ಲಿ.

ಮರದ ಅನುಭವದಿಂದ ನಾನು ಡಾಕ್ಟರಿಗೂ ಪಾಠ ಹೇಳಿದೆ. ಸಣ್ಣ ತುಂಡಿಗೆ ಸ್ಕ್ರೂ ಹಾಕಿದರೆ ಸೀಳುತ್ತದೆ, ಬರೀ ಮೊಳೆ ಹೊಡೆದರೆ ಸಡಿಲವಾಗುತ್ತದೆ ಎಂದೆ. ಅವರು ಕೇಳಿಸಿಕೊಂಡು, "ಮರಕ್ಕೆ ನೀವು ಬಿಗಿದಿದ್ದೇ ಕೊನೆ ಮಾರಾಯ್ರೆ. ಎಲುಬು ಹಾಗಲ್ಲ, ತಾನಾಗೇ ಕೂಡ್ಕೊಳ್ತದೆ. ಅಲ್ಲಿವರೆಗೆ ಅಲುಗದ ಹಾಗೆ ಹಿಡ್ಕೊಂಡಿರೋದಷ್ಟೇ ನಮ್ಮ ಕೆಲಸ" ಎಂದರು. ನಿಮ್ಮ ಮುರಿತಕ್ಕೆ ಎರಡೂ ನಡೆಯುತ್ತದೆ, ವರ್ಷ ಕಳೆದರೆ ಹೆಚ್ಚು ಕಡಿಮೆ ಒಂದೇ ಫಲ, ಯೋಚಿಸಿ ಹೇಳಿ ಎಂದೂ ಹೇಳಿದರು.

ಯೋಚಿಸುತ್ತಲೇ ಇದ್ದೇನೆ. ನನಗೆ ಬೇರೆ ಕಸುಬು ಬಾರದು. ಬಿ.ಎ. ಓದಿದ್ದರಿಂದ ಪ್ರಾಸ ಬಂತು, ಗ್ರಾಸ ಬರಲಿಲ್ಲ. ಬಲಗೈ ಕೊಡತಿ ಬಡಿಯುತ್ತದೆ, ನಿಜ. ಆದರೆ ವಿಗ್ರಹದ ಕಣ್ಣು ತೆರೆಯುವುದು ಉಳಿ ಹಿಡಿದ ಎಡಗೈಯೇ. ಅದು ಹೋದರೆ ನಾನು ಬರೀ ಬಡಿಯುವವನು. ಆಪರೇಷನ್‌ಗೆ ತೋಳು ಮಾತ್ರ ಮರಗಟ್ಟಿಸುತ್ತಾರಂತೆ. ಅದು ಮತ್ತೆ ಎಚ್ಚರಾಗದಿದ್ದರೆ ಎಂದು ಕೇಳಲು ಹೋಗಿ, ಕ್ಯಾಂಟೀನ್ ಎಲ್ಲಿದೆ ಎಂದು ಕೇಳಿ ಬಂದೆ.

ನೀನು ಬಟ್ಟೆ ನೋಡಿಯೇ ಯಾವ ಹೊಲಿಗೆ ಎಂದು ಹೇಳುವವಳು. ಏನನ್ನಿಸುತ್ತದೆ, ಗುರುವಾರದೊಳಗೆ ಹೇಳು.

ಹೆದರಿಕೆ ಏನಿಲ್ಲ ಎಂದು ತಿಳಿಸುವ,
ನಟರಾಜ

ಬರೆಯದೆ ಬಿಟ್ಟದ್ದು: ತಂತಿ ಹಾಕಿದರೆ ದಿನಾ ಅದರ ಬುಡ ಒರೆಸಿ, ಕೆಂಪಾಗಿದೆಯೇ ನೋಡಿ, ಬಟ್ಟೆ ಕಟ್ಟಲು ಮನೆಯಲ್ಲಿ ಇನ್ನೊಬ್ಬರು ಬೇಕಂತೆ, ಒಬ್ಬನೇ ಇರುವವನಿಗೆ ತಗಡೇ ಮೇಲಂತೆ. ಮನೆಯಲ್ಲಿ ಯಾರಿದ್ದಾರೆ ಎಂದು ಡಾಕ್ಟರು ಇವತ್ತು ಮತ್ತೆ ಕೇಳಿದರು. ಹೆಂಡತಿ ಇದ್ದಾಳೆ ಎಂದುಬಿಟ್ಟೆ. ಶುಕ್ರವಾರಕ್ಕೆ ತಂತಿ ಎಂದು ಬರೆದುಕೊಂಡಿದ್ದಾರೆ.