ಮುಂದಿನ ಕಾರಿನ ಕೆಂಪು ದೀಪ

ಡಿಸೆಂಬರ್ ೧೧, ಗುರುವಾರ

...ಅವರ ಕಾರಿನಲ್ಲಿ ಕೂತರೆ ರಸ್ತೆ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತೆ ಎಂದಿದ್ದಳು ಇವಳು, ಹೋದ ವಾರ, ಸ್ವೆಟರ್ ಕಳಚುತ್ತ. ಅವರು ಎಂದರೆ ಇವಳ ಆಸ್ಪತ್ರೆಯ ಎಕ್ಸ್‌ರೇ ವಿಭಾಗದವನು. ಚಳಿಗಾಲ ಶುರುವಾದ ಮೇಲೆ ಸಂಜೆ ಕೆಲಸ ಮುಗಿಸಿ ಅವನ ಕಾರಿನಲ್ಲೇ ಬರುತ್ತಾಳೆ. ನನ್ನದರ ಹೆಡ್‌ಲೈಟು ಮಂಕಂತೆ. ಅದಕ್ಕೇ ಇವತ್ತು ಅಂಗಡಿಯಲ್ಲಿದ್ದ ಬಲ್ಬುಗಳಲ್ಲೇ ತೀರಾ ಬೆಳ್ಳಗಿನದನ್ನು ಹಾಕಿಸಿಕೊಂಡು ಇವಳನ್ನು ಕರೆತರಲು ಹೋದೆ.

ಊರಾಚೆ ಮಂಜು ಕವಿದಿತ್ತು. ಹೈಬೀಮ್ ಹಾಕಿದೆ. ಬೆಳಕೆಲ್ಲ ಮಂಜಿಗೆ ಬಡಿದು ನಮ್ಮ ಮುಖಕ್ಕೇ ವಾಪಸು ಬಂತು. ಸುಣ್ಣ ಬಳಿದ ಗೋಡೆಯೆದುರು ನಿಂತ ಹಾಗಾಯಿತು.

"ಇದೇನ್ರೀ, ಫೋಟೋ ಸ್ಟುಡಿಯೋ ಲೈಟ್ ತಂದು ಹಾಕಿಸಿದ್ದೀರಾ? ಅವರು ಮಂಜಿಗೆ ಅಂತಲೇ ಕೆಳಗಡೆ ಹಳದಿ ದೀಪ ಹಾಕಿಸಿದಾರೆ. ಒಂದು ಮಾತು ಕೇಳಬಾರದಿತ್ತಾ?"

"ಅವನನ್ನೇ ಕೇಳಬೇಕಿತ್ತಾ?"



ಅಷ್ಟರಲ್ಲಿ ಅವನ ಕಾರು ಹಿಂದಿನಿಂದ ಬಂದು ನಮ್ಮನ್ನು ದಾಟಿತು. "ಅವರೇ. ಅವರ ಹಿಂದೇನೇ ಹೋಗಿ, ಸಾಕು" ಎಂದು ಇವಳು ಸೀಟಿಗೊರಗಿ ಕಣ್ಣು ಮುಚ್ಚಿದಳು. ನನ್ನ ಪಕ್ಕದಲ್ಲಿ ಕೂತು, ಅವನನ್ನು ನಂಬಿ. ನಮ್ಮ ಬೀದಿಯ ತಿರುವಿನವರೆಗೂ ಅವನ ಕಾರಿನ ಕೆಂಪು ದೀಪ ನೋಡಿಕೊಂಡೇ ಓಡಿಸಿದೆ. ನಾನು ಹಿಂದೆ ಬಿದ್ದಾಗಲೆಲ್ಲ ಅವನೂ ನಿಧಾನ ಮಾಡುತ್ತಿದ್ದ.

ಒಳ್ಳೆಯವನೇ ಇರಬೇಕು. ಕಷ್ಟವಿರುವುದೇ ಅಲ್ಲಿ. ಕೆಟ್ಟವನಾಗಿದ್ದರೆ ಇಷ್ಟು ಹೊತ್ತಿಗೆ ನಿದ್ದೆಯಾದರೂ ಬರುತ್ತಿತ್ತು.

ಅಲ್ಲಯ್ಯಾ, ನೀನು ಹಾಗೆ ಕಾದು ಕಾದು ಹೋದದ್ದು ದಾರಿ ಕಾಣದ ನನಗಾಗಿಯೋ, ನನ್ನ ಪಕ್ಕದಲ್ಲಿದ್ದ ಇವಳಿಗಾಗಿಯೋ?