ಹಳದಿ ತಟ್ಟೆಯ ಮೂರು ಚುಕ್ಕೆ

ಬಣ್ಣದ ತಟ್ಟೆಗಳನ್ನು ಕೂಡಿಡುವ ಮಹನೀಯರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ನಮ್ಮ ಕಾರ್ಖಾನೆಯ ಹಳೇ ಪಿಂಗಾಣಿ ತಟ್ಟೆಗಳು ನಿಮ್ಮ ಮನೆಯ ಗಾಜಿನ ಬೀರುವಿನಲ್ಲಿ ಕೂತಿವೆ ಎಂದು ಓದಿ ನಗು ಬಂತು. ನಾವು ಅವನ್ನು ಹಲಗೆಯ ಮೇಲೆ ಹಪ್ಪಳದಂತೆ ಒಣಗಿಸುತ್ತಿದ್ದೆವು.

ಹಳದಿ ತಟ್ಟೆಯ ಅಂಚಿನಲ್ಲಿ ಬಣ್ಣ ಹತ್ತದ ಮೂರು ಚುಕ್ಕೆಗಳಿವೆ, ರಿಪೇರಿ ಮಾಡಿಸಲೇ ಎಂದು ಕೇಳಿದ್ದೀರಿ. ದಮ್ಮಯ್ಯ, ಬೇಡ. ಅವು ನಮ್ಮಮ್ಮನ ಬೆರಳಿನ ಗುರುತು.

ಅಮ್ಮ ತಟ್ಟೆಯನ್ನು ಬಣ್ಣದ ತೊಟ್ಟಿಯಲ್ಲಿ ಅದ್ದಿ ಕೊಡುತ್ತಿದ್ದಳು. ಅವಳ ಬೆರಳು ಹಿಡಿದ ಕಡೆ ಬಣ್ಣ ಹತ್ತುತ್ತಿರಲಿಲ್ಲ. ಅಲ್ಲಿ ಕುಂಚದಿಂದ ಬಣ್ಣ ತುಂಬುವುದು ನನ್ನ ಕೆಲಸ. ಹನ್ನೊಂದು ವರ್ಷ ಅವಳ ಗುರುತನ್ನು ನಾನೇ ಅಳಿಸಿದೆ.

ಹಳದಿ ತಟ್ಟೆ ಮಾಡುವುದು ನಿಂತ ದಿನವೇ ಅವಳ ಕೆಲಸವೂ ಮುಗಿಯಿತು. ಕೊನೆಯದನ್ನು ನನ್ನ ಕೈಗಿಟ್ಟು, “ನೀಟಾಗಿ ಮುಗಿಸೇ, ನನ್ನ ಮಾನ ಕಳೀಬೇಡ” ಅಂದಳು. ಹೂಂ ಅಂದು, ಕುಂಚ ಮುಟ್ಟಿಸದೆ ಭಟ್ಟಿಗೆ ಕಳಿಸಿಬಿಟ್ಟೆ. ಸಾಯುವವರೆಗೂ ಅವಳಿಗೆ ಗೊತ್ತಾಗಲಿಲ್ಲ.

ತಟ್ಟೆ ನಿಮ್ಮಲ್ಲೇ ಇರಲಿ. ಒಮ್ಮೆ ಬಂದು, ಆ ಗುರುತಿನ ಮೇಲೆ ಬೆರಳಿಟ್ಟು ಹಿಡಿದು ನೋಡಿ ಹೋಗುತ್ತೇನೆ. ಈಗೀಗ ಕೈ ನಡುಗುತ್ತದೆ. ಕೆಳಗೆ ಒಂದು ದಿಂಬು ಹಾಕಿಡಿ.

ಇಂತಿ,
ಬಣ್ಣ ತುಂಬುತ್ತಿದ್ದವಳು